ಮ್ಯಾಜಿಕ್ ಡಬ್ಬಿಗೆ ಅಷ್ಟೊಂದು ಬಣ್ಣ ಯಾಕೆ? ಬೇಲೂರಿನ ಜಾಲಂಧ್ರದ ಎದುರು ನಿಂತು ಒಂದು ಉತ್ತರ

ಈ ಸಂಚಿಕೆಯಲ್ಲಿ ಒಂದು ಸಣ್ಣ ಪ್ರಶ್ನೆ ಇದೆ. ಮ್ಯಾಜಿಕ್ ಶೋದಲ್ಲಿ ಮೇಜಿನ ಮೇಲಿರೋ ಡಬ್ಬಿಗಳನ್ನ ನೀವು ನೋಡಿರ್ತೀರಿ. ಕೆಂಪು, ಹಳದಿ, ಹಸಿರು ಬಣ್ಣ, ಬಂಗಾರದ ಅಂಚು, ಎಲ್ಲ ಕಡೆ ಚೌಕಳಿ, ಹೂಬಳ್ಳಿ. ಜಾತ್ರೆಯ ತೊಟ್ಟಿಲ ಥರ. ಮನೇಲಿ ಸಕ್ಕರೆ ಡಬ್ಬಿಗೆ ಯಾರೂ ಹೀಗೆ ಬಣ್ಣ ಬಳಿಯಲ್ಲ. ಮತ್ತೆ ಮ್ಯಾಜಿಕ್ ಡಬ್ಬಿಗೆ ಮಾತ್ರ ಯಾಕೆ?

"ಚೆಂದ ಕಾಣಲಿ ಅಂತ" ಅನ್ನೋದು ಅರ್ಧ ಉತ್ತರ ಮಾತ್ರ. ಒಳ್ಳೆಯ ಡಬ್ಬಿಯಲ್ಲಿ ಆ ಚೌಕಳಿ, ಆ ಅಂಚು, ಆ ತೋರಣ, ಇವೇ ಯಂತ್ರದ ಅರ್ಧ ಭಾಗ. ಅವನ್ನ ಅಳಿಸಿ ಬಿಟ್ಟರೆ ಒಳಗಿನ ಕನ್ನಡಿ ಎಷ್ಟೇ ಚೆನ್ನಾಗಿದ್ದರೂ ಆಟ ನಿಲ್ಲಲ್ಲ. ಇದು ಅರ್ಥ ಆದ್ರೆ ನೀವು ಪ್ಲೈವುಡ್ಡು, ರಟ್ಟು, ಫೆವಿಕಾಲ್ ಹಿಡ್ಕೊಂಡು ಮನೇಲೇ ಡಬ್ಬಿ ಮಾಡಬಹುದು. ಅಂಗಡಿಯಿಂದ ತಂದದ್ದಕ್ಕಿಂತ ನಿಮ್ಮೂರಿಗೆ ಅದು ಚೆನ್ನಾಗಿ ಒಗ್ಗುತ್ತೆ ಕೂಡ. ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು ಅರಸೀಕೆರೆಯವನು, ಓದಿದ್ದು ಬಿ.ಕಾಂ. ಜಾದೂಗಾರ ಅಲ್ಲ. ಆದರೆ ನಮ್ಮ ಕಡೆ ಹುಟ್ಟುಹಬ್ಬ, ಶಾಲಾ ವಾರ್ಷಿಕೋತ್ಸವ, ಗಣಪತಿ ಪೆಂಡಾಲಿನಲ್ಲಿ ಶೋ ಮಾಡೋ ಒಬ್ಬ ಹುಡುಗನ ಜೊತೆ ಮೂರು ವರ್ಷದಿಂದ ಭಾನುವಾರಗಳಲ್ಲಿ ಡಬ್ಬಿ ಕಟ್ತಾ ಬಂದಿದ್ದೀನಿ. ಅದು ಶುರುವಾದದ್ದು ಹೀಗೆ. ಅವನು ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಒಂದು ಕನ್ನಡಿ ಪೆಟ್ಟಿಗೆ ತರಿಸಿದ್ದ. ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ ಶೋ. ಮಕ್ಕಳು ನೆಲದ ಮೇಲೆ ಕೆಂಪು ಜಮಖಾನದಲ್ಲಿ ಕೂತಿದ್ದಾರೆ, ಪೆಟ್ಟಿಗೆ ಎತ್ತರದ ಮೇಜಿನ ಮೇಲಿದೆ. ಬಾಗಿಲು ತೆಗೆದು "ನೋಡಿ, ಖಾಲಿ" ಅಂದ. ಮುಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು, "ಅಣ್ಣ, ಒಳಗೆ ಜಮಖಾನ ಕಾಣ್ತಿದೆ" ಅಂದ. ಆಮೇಲೆ ಆ ಶೋ ಏನಾಯ್ತು ಅಂತ ನೀವೇ ಊಹಿಸಿಕೊಳ್ಳಿ. ಅವನು ಎರಡು ತಿಂಗಳು ಯಾವ ಆರ್ಡರೂ ಒಪ್ಪಿಕೊಳ್ಳಲಿಲ್ಲ. ತಿಂಗಳಿಗೆ ನಾಲ್ಕೈದು ಶೋ ಮಾಡಿ ಅದರಲ್ಲೇ ಮನೆ ಬಾಡಿಗೆ ಕಟ್ಟೋನಿಗೆ ಎರಡು ತಿಂಗಳು ಅಂದ್ರೆ ಸಣ್ಣ ಮಾತಲ್ಲ.

ಪೆಟ್ಟಿಗೆ ಕೆಟ್ಟದ್ದೇನೂ ಆಗಿರಲಿಲ್ಲ. ಅದನ್ನ ಮಾಡಿದ್ದು ಕುರ್ಚಿ ಮೇಲೆ ಕೂತು ನೋಡೋ ಜನಕ್ಕೆ. ನಮ್ಮ ಜನ ಕೂರೋದು ನೆಲದ ಮೇಲೆ.

ಒಳಗೆ ಏನಿರತ್ತೆ ಅಂತ ಈಗ ಹೇಳ್ತೀನಿ. ಗುಟ್ಟು ಬಿಟ್ಟುಕೊಡ್ತಿದ್ದಾನೆ ಅಂತ ಬೈಬೇಡಿ, ಇದು ನೂರೈವತ್ತು ವರ್ಷಕ್ಕಿಂತ ಹಳೆಯದು, ಎಷ್ಟೋ ಪುಸ್ತಕದಲ್ಲಿ ಬಂದಿದೆ. 1865ರಲ್ಲಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಸ್ಟೊಡೇರ್ ಅನ್ನೋ ಜಾದೂಗಾರ ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟು ತೆರೆದ. ಒಳಗೆ ಒಂದು ತಲೆ, ಅದು ಕಣ್ಣು ಬಿಟ್ಟು ಮಾತಾಡ್ತು. ಮೇಜಿನ ಕೆಳಗೆ ನೋಡಿದರೆ ಖಾಲಿ. ನಿಜವಾಗಿ ಮೇಜಿನ ಕಾಲುಗಳ ನಡುವೆ ಓರೆಯಾಗಿ ಕನ್ನಡಿ ನಿಲ್ಲಿಸಿದ್ದರು. ಅದರಲ್ಲಿ ಪಕ್ಕದ ಪರದೆ ಕಾಣ್ತಿತ್ತು, ಜನ ಅದನ್ನೇ ಹಿಂದಿನ ಪರದೆ ಅಂದ್ಕೊಂಡರು. ಆಟ ನಿಂತಿದ್ದು ಯಾವುದರ ಮೇಲೆ? ಪಕ್ಕದ ಪರದೆ, ಹಿಂದಿನ ಪರದೆ ಎರಡೂ ಒಂದೇ ಥರ ಇದ್ದದ್ದರ ಮೇಲೆ. ಕನ್ನಡಿ ಎಷ್ಟು ಮುಖ್ಯವೋ ಬಟ್ಟೆಯೂ ಅಷ್ಟೇ ಮುಖ್ಯ.

ನಾವು ಮಾಡೋ ಸಣ್ಣ ಪೆಟ್ಟಿಗೆಯಲ್ಲೂ ಇದೇ ಲೆಕ್ಕ. ಒಳಗಡೆ ಎಲ್ಲ ಕಡೆ 9 ಇಂಚಿರೋ ಒಂದು ಚೌಕ ಪೆಟ್ಟಿಗೆ ತಗೊಳ್ಳಿ, ಮುಂದುಗಡೆ ಬಾಗಿಲು. ಮೇಲಿನ ಮುಂದಿನ ಅಂಚಿನಿಂದ ಕೆಳಗಿನ ಹಿಂದಿನ ಅಂಚಿಗೆ ಓರೆಯಾಗಿ ಒಂದು ಕನ್ನಡಿ ಕೂರಿಸಿ, ಮುಖ ನೆಲದ ಕಡೆಗೆ. ಅದರ ಉದ್ದ ಸುಮಾರು 12.7 ಇಂಚು ಬರತ್ತೆ (ಹೈಸ್ಕೂಲಿನ ಪೈಥಾಗೊರಸ್ ಕೊನೆಗೂ ಕೆಲಸಕ್ಕೆ ಬಂದ). ಎದುರಿಂದ ನೋಡೋನಿಗೆ ಪೆಟ್ಟಿಗೆಯ ನೆಲ ಕಾಣತ್ತೆ, ಅದೇ ನೆಲ ಕನ್ನಡಿಯಲ್ಲಿ ಎದ್ದು ನಿಂತು ಹಿಂದಿನ ಗೋಡೆಯ ಥರ ಕಾಣತ್ತೆ. ಪೆಟ್ಟಿಗೆ ಪೂರ್ತಿ ಖಾಲಿ. ಕನ್ನಡಿಯ ಹಿಂದೆ ಅರ್ಧ ಪೆಟ್ಟಿಗೆಯಷ್ಟು ಜಾಗ ಉಳಿದಿದೆಯಲ್ಲ, ಅಲ್ಲಿ ಕರವಸ್ತ್ರ, ಕಾಗದದ ಹೂವು, ಚಾಕೊಲೇಟು. ಬಾಗಿಲು ಹಾಕಿ, ಮೇಲಿನ ಮುಚ್ಚಳ ತೆಗೆದು ಕೈ ಹಾಕಿದರೆ ಆಯ್ತು.

ಈಗ ಬಣ್ಣಕ್ಕೆ ಬನ್ನಿ. ಒಳಗಿನ ಪಕ್ಕದ ಗೋಡೆಗೆ ಅಡ್ಡಪಟ್ಟೆ ಬಳಿದಿರಿ ಅಂತ ಇಟ್ಕೊಳ್ಳಿ. ಮುಂದಿನ ಅರ್ಧದಲ್ಲಿ ಪಟ್ಟೆ ಅಡ್ಡ ಇರತ್ತೆ, ಕನ್ನಡಿ ಶುರುವಾಗೋ ಕಡೆ ಫಕ್ಕನೆ ಉದ್ದಕ್ಕೆ ತಿರುಗಿ ನಿಲ್ಲತ್ತೆ. ಎರಡೂ ಸೇರೋ ಕಡೆ ಓರೆ ಗೆರೆ ಎದ್ದು ಕಾಣತ್ತೆ, ಕನ್ನಡಿ ಎಲ್ಲಿದೆ ಅಂತ ನೀವೇ ಗೆರೆ ಎಳೆದು ತೋರಿಸಿದ ಹಾಗೆ. ನೆಲದಲ್ಲಿ ಗಿಳಿ ಚಿತ್ರ ಬರೆದರೆ ಹಿಂದಿನ ಗೋಡೆಯಲ್ಲಿ ಇನ್ನೊಂದು ಗಿಳಿ ತಲೆಕೆಳಗಾಗಿ ನೇತಾಡತ್ತೆ. ಹಾಗಾದರೆ ಯಾವ ಚಿತ್ರ ಬೇಕು? ಮೂಲೆಯಿಂದ ಮೂಲೆಗೆ ಮಡಚಿದರೆ ತನ್ನ ಮೇಲೆ ತಾನೇ ಸರಿಯಾಗಿ ಕೂರೋ ಚಿತ್ರ. ಚೌಕಳಿ ಅಂಥದ್ದು. ಚೌಕಾಬಾರದ ಮಣೆ ನೆನಪಿದೆಯಾ? ಐದು ಸಾಲು, ಐದು ಕಂಬ, ನಾಲ್ಕು ಬದಿಯ ನಡುವೆ ಮತ್ತು ಮಧ್ಯದಲ್ಲಿ ಗುಣಾಕಾರದ ಗುರುತು. ಅದನ್ನ ಯಾವ ಮೂಲೆಗೆ ಬೇಕಾದರೂ ಮಡಚಿ, ಗುರುತಿನ ಮೇಲೆ ಗುರುತು ಬೀಳತ್ತೆ. ನಾವು ಎರಡನೇ ಪೆಟ್ಟಿಗೆಗೆ ಒಳಗಡೆ ಬರೆದದ್ದು ಅದನ್ನೇ. ಅಜ್ಜಿ ಆಡೋ ಆಟ ಮಕ್ಕಳಿಗೆ ಗುರುತು ಸಿಕ್ಕತ್ತೆ, ನಗ್ತಾರೆ, ಕನ್ನಡಿ ಯಾರಿಗೂ ಕಾಣಲ್ಲ. ಒಂದೇ ಎಚ್ಚರ: ಕನ್ನಡಿಯ ಅಂಚು ಮನೆಗಳ ಮೂಲೆಯಿಂದ ಮೂಲೆಗೇ ಹಾದು ಹೋಗಬೇಕು. ಕಾಲಿಂಚು ತಪ್ಪಿದರೂ ಮನೆಗಳು ಮುರಿದು ಕಾಣ್ತವೆ.

ಜಮಖಾನದ ಸಮಸ್ಯೆಗೂ ಪರಿಹಾರ ಅಲಂಕಾರದಲ್ಲೇ ಸಿಕ್ಕಿತು. ಕೆಳಗಿನಿಂದ ಮೇಲಕ್ಕೆ ನೋಡೋ ಮಗುವಿನ ನೋಟ ಕನ್ನಡಿಯ ಮೇಲ್ಭಾಗಕ್ಕೆ ತಾಗಿ, ಕೆಳಗಿಳಿದು, ಬಾಗಿಲಿನಿಂದ ಹೊರಗೆ ಹೋಗತ್ತೆ. ಆ ಮೇಲ್ಭಾಗವನ್ನೇ ಮರೆ ಮಾಡಿಬಿಟ್ಟರೆ? ಪೆಟ್ಟಿಗೆಯ ಬಾಗಿಲ ಮೇಲೆ ಬೇಗಡೆ ಕಾಗದದ ಮಾವಿನೆಲೆ ತೋರಣ ಕಟ್ಟಿದೆವು, ಒಂದೂವರೆ ಇಂಚು ಇಳಿಬಿಟ್ಟು. ಹಬ್ಬದ ಕಳೆ ಬಂತು, ಕನ್ನಡಿಯ ಮೇಲಿನ ಅಂಚೂ ಮುಚ್ಚಿತು. ಜೊತೆಗೆ ಮೇಜನ್ನೂ ತಗ್ಗಿಸಿದೆವು. ತೋರಣ ಒಂದರಿಂದಲೇ ಎಲ್ಲ ಆಗಲ್ಲ, ಪೆಟ್ಟಿಗೆ ಮಕ್ಕಳ ಕಣ್ಣಿನ ಎತ್ತರಕ್ಕೋ ಅದಕ್ಕಿಂತ ಸ್ವಲ್ಪ ಕೆಳಕ್ಕೋ ಇದ್ದರೆ ಒಳ್ಳೆಯದು.

ಕನ್ನಡಿ ಬಗ್ಗೆ ಇನ್ನೊಂದು ಮಾತು. ಗಾಜಿನ ಕನ್ನಡಿಗೆ ಬೆಳ್ಳಿಲೇಪ ಇರೋದು ಹಿಂದುಗಡೆ, ಹಾಗಾಗಿ ಅಂಚಿನಲ್ಲಿ ತೆಳುವಾದ ಹಸಿರು ಗೆರೆ ಕಾಣತ್ತೆ. ಆ ಗೆರೆ ಪೆಟ್ಟಿಗೆಯ ಮೂಲೆಯಲ್ಲಿ, ಒಂದು ಕಪ್ಪು ಅಂಚಿನ ಹಿಂದೆ ಅಡಗಬೇಕು. ಅಕ್ರಿಲಿಕ್ ಕನ್ನಡಿ ಹಾಳೆ ಹಗುರ, ಮಕ್ಕಳ ಕೈಗೂ ಅಪಾಯ ಇಲ್ಲ, ಆದರೆ ಅದು ಬಾಗತ್ತೆ. ಬಾಗಿದ ಕನ್ನಡಿಯಲ್ಲಿ ಚೌಕಾಬಾರ ದೋಸೆ ಥರ ಸೊಟ್ಟ ಆಗತ್ತೆ. ಹಿಂದೆ ದಪ್ಪ ರಟ್ಟು ಅಂಟಿಸಿ. ಮತ್ತೆ ಬೆರಳ ಗುರುತು! ಶೋಗೆ ಮುಂಚೆ ಮೆತ್ತನೆ ಬಟ್ಟೆಯಲ್ಲಿ ಒರೆಸದೆ ಬಾಗಿಲು ತೆಗೀಲೇಬೇಡಿ.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ಬೇಲೂರು. ಚೆನ್ನಕೇಶವ ದೇವಸ್ಥಾನಕ್ಕೆ ಮಧ್ಯಾಹ್ನ ಬಿಸಿಲಲ್ಲಿ ಹೋಗಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ನವರಂಗದ ಸುತ್ತ ಇರೋ ತೂತುತೂತಿನ ಕಲ್ಲಿನ ಜಾಲಂಧ್ರಗಳು ಆಮೇಲೆ, ಇಮ್ಮಡಿ ವೀರ ಬಲ್ಲಾಳನ ಕಾಲದಲ್ಲಿ ಬಂದವು. ಎಲ್ಲರೂ ಮೇಲೆ ಮದನಿಕೆಯರನ್ನ ನೋಡ್ತಾ ಹೋಗ್ತಾರೆ. ನೀವು ಒಂದು ಜಾಲಂಧ್ರದ ಎದುರು ನಿಲ್ಲಿ. ಬಿಸಿಲು ಬಿದ್ದ ಕಲ್ಲಿನ ಕೆತ್ತನೆ ಹೊಳೀತಾ ಇರತ್ತೆ, ತೂತುಗಳ ಒಳಗೆ ಬರೀ ಕಪ್ಪು. ಒಳಗೆ ಹತ್ತು ಜನ ನಿಂತಿದ್ದರೂ ಕಾಣಲ್ಲ. ಈಗ ಒಳಗೆ ಹೋಗಿ ಅದೇ ಜಾಲಂಧ್ರದಿಂದ ಹೊರಗೆ ನೋಡಿ, ಹೊರಗೆ ಚಪ್ಪಲಿ ಇಲ್ಲದೆ ಕಾಲು ಸುಡ್ತಾ ಓಡ್ತಿರೋರೆಲ್ಲ ಸ್ಪಷ್ಟ ಕಾಣ್ತಾರೆ. ಕಣ್ಣು ಮುಂದಿರೋ ಬೆಳಕಿಗೆ ಹೊಂದಿಕೊಂಡರೆ ಹಿಂದಿನ ಮಬ್ಬು ಅದಕ್ಕೆ ಸಿಗಲ್ಲ. ಅಷ್ಟೇ ವಿಷಯ.

ಜಾದೂಗಾರರು ಇಂಗ್ಲಿಷಿನಲ್ಲಿ ಸ್ಕ್ವೇರ್ ಸರ್ಕಲ್ ಅನ್ನೋ ಡಬ್ಬಿ ನಿಂತಿರೋದು ಇದೇ ಸತ್ಯದ ಮೇಲೆ. ಹೊರಗೆ ಒಂದು ಚೌಕ ಕೊಳವೆ, ಅದರ ಮುಂದೆ ಜಾಲರಿ. ಅದರೊಳಗೆ ಬಣ್ಣದ ಗುಂಡು ಕೊಳವೆ. ಅದರೊಳಗೆ ಮೂರನೇದು, ಯಾರಿಗೂ ಗೊತ್ತಿರದ ಕಪ್ಪು ಕೊಳವೆ. ಹೂವು, ಕರವಸ್ತ್ರ ಎಲ್ಲ ಇರೋದು ಅದರಲ್ಲಿ. ಗುಂಡು ಕೊಳವೆ ಎತ್ತಿ ಖಾಲಿ ಅಂತ ತೋರಿಸ್ತಾರೆ. ಆಗ ಕಪ್ಪು ಕೊಳವೆ ಚೌಕದ ಒಳಗೆ ಒಂಟಿಯಾಗಿ ನಿಂತಿರತ್ತೆ, ಜಾಲರಿಯ ಹಿಂದೆಯೇ, ನಿಮ್ಮ ಕಣ್ಣೆದುರೇ. ಚೌಕದ ಒಳಗೋಡೆಯೂ ಕಪ್ಪು, ಕೊಳವೆಯೂ ಕಪ್ಪು, ಎರಡಕ್ಕೂ ಗಡಿ ಕಾಣಲ್ಲ. ಗುಂಡು ಕೊಳವೆ ವಾಪಸ್ ಇಟ್ಟು, ಈಗ ಚೌಕ ಎತ್ತಿ ತೋರಿಸ್ತಾರೆ, ಅದೂ ಖಾಲಿ. ಎರಡೂ ಖಾಲಿ ಅಂದಮೇಲೆ ಹೂವು ಎಲ್ಲಿಂದ ಬಂತು?

ಇಲ್ಲಿ ಜಾಲರಿಗೆ ಬಂಗಾರ, ಹಳದಿ, ಕಿತ್ತಳೆ ಬಳಿಯೋದು ಚೆಂದಕ್ಕಲ್ಲ. ಅದು ಬಿಸಿಲು ಬಿದ್ದ ಜಾಲಂಧ್ರ. ಜಾಲರಿಗೆ ಮಂಕು ಬಣ್ಣ ಬಳಿದರೆ ಕಣ್ಣು ಅದನ್ನ ದಾಟಿ ಒಳಗೆ ಹೋಗತ್ತೆ. ಒಳಗೆ ಕಪ್ಪು ಅಂದರೆ ಗೇಟಿಗೆ ಹಾಕೋ ಎನಾಮಲ್ ಅಲ್ಲ, ಅದು ಹೊಳೆಯತ್ತೆ, ಆ ಹೊಳಪೇ ಶತ್ರು. ಶಾಲೆಯ ಕರಿಹಲಗೆಗೆ ಹಚ್ಚೋ ಬಣ್ಣ ಪರವಾಗಿಲ್ಲ. ಕಪ್ಪು ಮಖಮಲ್ಲು ಎಲ್ಲಕ್ಕಿಂತ ಒಳ್ಳೆಯದು, ಅದರ ಎಳೆಗಳ ಸಂದಿಯಲ್ಲಿ ಬೆಳಕು ಹೋಗಿ ಸಿಕ್ಕಿಕೊಂಡುಬಿಡತ್ತೆ. ಬ್ಲೌಸ್ ಪೀಸ್ ಅಂಗಡಿಯಲ್ಲಿ ಅರ್ಧ ಮೀಟರ್ ಸಾಕು. ಎರಡು ಕಡೆ ಬೇರೆ ಬೇರೆ ಥಾನಿನ ಬಟ್ಟೆ ಮಾತ್ರ ಬೇಡ. ಕಪ್ಪಿನಲ್ಲೂ ನೀಲಿ ಕಪ್ಪು, ಕಂದು ಕಪ್ಪು ಅಂತ ಇದೆ, ಬೆಳಕಿನ ಕೆಳಗೆ ಜಗಳ ಆಡ್ತವೆ.

ನಮ್ಮ ಹುಡುಗನ ಚೌಕ ಡಬ್ಬಿಗೆ ಒಟ್ಟು ಖರ್ಚು 640 ರೂಪಾಯಿ ಆಯ್ತು. ರಟ್ಟು, ಮಖಮಲ್ಲು, ಎರಡು ಡಬ್ಬ ಬಣ್ಣ, ಗುಂಡು ಕೊಳವೆಗೆ ಪಿ.ವಿ.ಸಿ. ಪೈಪಿನ ತುಂಡು. ನಮ್ಮ ಮೂರು ಭಾನುವಾರದ ಕೂಲಿ ಸೇರಿಸಿಲ್ಲ. ಕಾಮರ್ಸ್ ಓದಿದವನು ಅದನ್ನ ಸೇರಿಸದೆ ಇರೋದು ತಪ್ಪು ಅಂತ ಗೊತ್ತು, ಆದರೆ ಸೇರಿಸಿದರೆ ಯಾರೂ ಏನನ್ನೂ ಮಾಡಲ್ಲ.

ಹಳೇಬೀಡಿನ ಪಾಠ ಚಿಕ್ಕದು. ಹೊಯ್ಸಳೇಶ್ವರದ ಜಗತಿಯ ಮೇಲೆ ಗೋಡೆಯ ಬುಡ ನೋಡಿ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕತೆ, ಮಕರ, ಹಂಸ. ಪಟ್ಟಿಕೆ ಮೇಲೆ ಪಟ್ಟಿಕೆ. ಆ ಬುಡದ ಒಟ್ಟು ಎತ್ತರ ಎಷ್ಟು ಅಂತ ಕೇಳಿದರೆ ನೋಡಿ ಬಂದ ಯಾರಿಗೂ ತಕ್ಷಣ ಹೇಳೋಕೆ ಬರಲ್ಲ. ಕಣ್ಣು ಒಂದೊಂದೇ ಪಟ್ಟಿಕೆ ಹಿಡ್ಕೊಂಡು ಅಡ್ಡಡ್ಡ ನಡೆಯತ್ತೆ, ಮೇಲಿಂದ ಕೆಳಗೆ ಅಳೆಯಲ್ಲ. ಶಿಲ್ಪಿಗಳು ಏನನ್ನೋ ಮುಚ್ಚಿಡೋಕೆ ಅದನ್ನ ಕೆತ್ತಿದರು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ಆದರೆ ಮ್ಯಾಜಿಕ್ ಮೇಜು ಮಾಡೋರಿಗೆ ಈ ಗುಣ ಬಹಳ ಉಪಯೋಗ. ಮೇಜಿನ ಹಲಗೆ ಒಳಗೆ ಟೊಳ್ಳು, ನಾಲ್ಕಿಂಚು ದಪ್ಪ ಬೇಕು, ಆದರೆ ತೆಳ್ಳಗೆ ಕಾಣಬೇಕು. ಆಗ ಅಂಚಿನ ಮೇಲಿನ ಮುಕ್ಕಾಲಿಂಚಿಗೆ ಮಾತ್ರ ಬಂಗಾರದ ಪಟ್ಟಿ ಅಂಟಿಸಿ, ಕೆಳಗಿನದನ್ನ ಒಳಕ್ಕೆ ಓರೆ ಮಾಡಿ ಕಪ್ಪು ಬಳಿದು, ಅದರ ಮೇಲೆ ಜಾಲರಿನ ಕುಚ್ಚು ಇಳಿಬಿಡ್ತಾರೆ. ನೋಡೋರು ಬಂಗಾರದ ಪಟ್ಟಿಯನ್ನೇ ಹಲಗೆಯ ದಪ್ಪ ಅಂದ್ಕೋತಾರೆ.

ಅರಸೀಕೆರೆ ಬಿಟ್ಟರೆ ನಮ್ಮೂರಿನವರು ಸುಮ್ಮನಿರಲ್ಲ. ನಮ್ಮ ಶಿವಾಲಯದ ಮುಂದಿನ ಮಂಟಪ ನಕ್ಷತ್ರದ ಆಕಾರದ್ದು, ಗೋಡೆ ಇಲ್ಲದೆ ಸುತ್ತ ತೆರೆದದ್ದು. ಅದರ ನಡುವೆ ನಿಂತು ಯೋಚಿಸಿ, ಇಲ್ಲಿ ಒಂದು ಕನ್ನಡಿ ಪೆಟ್ಟಿಗೆ ಇಟ್ಟರೆ ಎಲ್ಲಿ ಬಚ್ಚಿಡೋದು? ಎಲ್ಲ ದಿಕ್ಕಿನಿಂದಲೂ ಕಣ್ಣು. ನಮ್ಮ ಹಳ್ಳಿ ಶೋಗಳೆಲ್ಲ ಹೆಚ್ಚು ಕಡಿಮೆ ಹೀಗೇ. ಶಾಮಿಯಾನದ ಮೂರು ಕಡೆ ಜನ, ನಾಲ್ಕನೇ ಕಡೆ ಅಡುಗೆಯವರು ಇಣುಕ್ತಾರೆ. ಅದಕ್ಕೆ ಡಬ್ಬಿ ಕಟ್ಟೋ ಮೊದಲೇ ನಾವು ಜಾಗಕ್ಕೆ ಹೋಗಿ ಹುರಿ ಹಿಡೀತೀವಿ. ಡಬ್ಬಿ ಇಡೋ ಕಡೆಯಿಂದ ಎಡಗಡೆ ಕೊನೇ ಕುರ್ಚಿಗೊಂದು, ಬಲಗಡೆ ಕೊನೇದಕ್ಕೊಂದು, ಮುಂದೆ ನೆಲಕ್ಕೊಂದು. ಆ ಮೂರು ಹುರಿಯ ನಡುವೆ ಆಟ ನಿಲ್ಲತ್ತಾ ಅನ್ನೋದಷ್ಟೇ ಪ್ರಶ್ನೆ. ಅಂಗಡಿ ಡಬ್ಬಿಗೆ ನಿಮ್ಮ ಹುರಿ ಗೊತ್ತಿಲ್ಲ. ಮನೇಲಿ ಮಾಡೋದರ ಲಾಭ ದುಡ್ಡಿಗಿಂತ ಹೆಚ್ಚಾಗಿ ಇದೇ.

ಇದೆಲ್ಲ ಹೊರಗಿನಿಂದ ಬಂದ ಕಲೆ ಅಂತ ಅನ್ನಿಸಬಹುದು. ಕನ್ನಡದಲ್ಲಿ ಇದಕ್ಕೆ ಎಷ್ಟು ಹೆಸರಿದೆ ನೋಡಿ: ಇಂದ್ರಜಾಲ, ಯಕ್ಷಿಣಿ, ಗಾರುಡಿ, ಮೋಡಿ. ನನಗೆ ಎಲ್ಲಕ್ಕಿಂತ ಇಷ್ಟ ಕಣ್ಕಟ್ಟು. ಕೈಚಳಕ ಅಂದರೆ ಮಾಡೋನ ಕಡೆಯಿಂದ ಬಂದ ಮಾತು, ಕಣ್ಕಟ್ಟು ಅಂದರೆ ನೋಡೋನ ಕಡೆಯಿಂದ. ನಮ್ಮ ಅರಸೀಕೆರೆಯಿಂದ ಬೆಂಗಳೂರಿಗೆ ಹೋಗೋ ರೈಲು ದಾರಿಯಲ್ಲೇ ಗುಬ್ಬಿ ಸಿಗತ್ತೆ. 1884ರಲ್ಲಿ ಅಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನಾಟಕಗಳಲ್ಲಿ ಟ್ರಿಕ್ ಸೀನು ನೋಡೋಕೇ ಜನ ಬರ್ತಿದ್ದರು, ಕುರುಕ್ಷೇತ್ರ ನಾಟಕಕ್ಕೆ ವೀರಣ್ಣನವರು ಆನೆ, ಕುದುರೆಯನ್ನೇ ರಂಗದ ಮೇಲೆ ತಂದರು. ರಟ್ಟು, ಪರದೆ, ಬಣ್ಣ, ಬೆಳಕಿನಿಂದ ಕಣ್ಣು ಕಟ್ಟೋ ಕಸುಬು ನಮ್ಮ ಕಡೆಗೆ ಹೊಸದಲ್ಲ.

ಈಗ ಅಲಂಕಾರವೇ ಇಲ್ಲದ ಒಂದು ಪರಿಕರ, ಚೊಂಬು. ಪಿ.ಸಿ. ಸರ್ಕಾರ್ ತಮ್ಮ ಶೋ ಉದ್ದಕ್ಕೂ ನಡುನಡುವೆ ಬಂದು ಒಂದು ಚೊಂಬಿನಿಂದ ನೀರು ಸುರೀತಿದ್ದರು, ಖಾಲಿ ಮಾಡಿ ಇಡೋದು, ಮತ್ತೆ ಬಂದಾಗ ಮತ್ತೆ ನೀರು. ವಾಟರ್ ಆಫ್ ಇಂಡಿಯಾ ಅಂತ ಅದಕ್ಕೆ ಹೆಸರು. ಚೊಂಬಿಗೆ ಎರಡು ಗೋಡೆ. ಒಳಪಾತ್ರೆಯ ತಳದ ಹತ್ತಿರ ಒಂದು ಸಣ್ಣ ತೂತು, ಅದು ಎರಡು ಗೋಡೆಯ ನಡುವಿನ ಜಾಗಕ್ಕೆ ತೆರೆಯತ್ತೆ. ಹೊರಗೋಡೆಯ ಕುತ್ತಿಗೆಯಲ್ಲಿ ಗಾಳಿಗೆ ಇನ್ನೊಂದು ತೂತು. ಬೆರಳಿಂದ ಗಾಳಿತೂತು ಮುಚ್ಚಿ ಬಗ್ಗಿಸಿದರೆ ಒಳಗಿನ ನೀರು ಮಾತ್ರ ಬೀಳತ್ತೆ. ನೆಟ್ಟಗೆ ಇಟ್ಟು ಬೆರಳು ತೆಗೆದರೆ ನಡುವೆ ಅಡಗಿದ್ದ ನೀರು ತಳದ ತೂತಿನಿಂದ ಒಳಗೆ ಇಳಿಯತ್ತೆ. ಡಬ್ಬಿ ರಿಪೇರಿ ಮಾಡೋರ ಹತ್ತಿರ ಬೆಸುಗೆ ಹಾಕಿಸಬಹುದು. ಬೆಸುಗೆಯಲ್ಲಿ ಸೀಸ ಇರಬಹುದು, ಹಾಗಾಗಿ ಆ ನೀರನ್ನ ಯಾರಿಗೂ ಕುಡಿಯೋಕೆ ಕೊಡಬೇಡಿ.

ಪೆಟ್ಟಿಗೆ "ನಾನು ಮ್ಯಾಜಿಕ್ ಪೆಟ್ಟಿಗೆ" ಅಂತ ಬಣ್ಣ ಹಾಕ್ಕೊಂಡು ಕೂಗತ್ತೆ. ಚೊಂಬು ಹಾಗಲ್ಲ, ಅದು ನಿಮ್ಮನೆ ಚೊಂಬಿನ ಥರ ಸುಮ್ಮನಿರಬೇಕು, ಎರಡು ಉಬ್ಬುತಗ್ಗು ಇದ್ದರೆ ಇನ್ನೂ ಒಳ್ಳೆಯದು. ಅದಕ್ಕೇ ನನಗೆ ಚೊಂಬಿನ ಬಗ್ಗೆ ಭಯ. ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಯಾರೂ ದೇವಮಾನವ ಆಗೋಕೆ ಆಗಲ್ಲ, ಬತ್ತದ ಚೊಂಬು ಇಟ್ಟುಕೊಂಡು ಆಗಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನ ಪರೀಕ್ಷಿಸೋಕೆ ಒಂದು ಸಮಿತಿ ಮಾಡಿದ್ದು ಇಂಥ ಕಾರಣಕ್ಕೇ. ಶಾಲೆಗಳಲ್ಲಿ ಪವಾಡ ಬಯಲು ಕಾರ್ಯಕ್ರಮ ಮಾಡೋರು ಇಂಥ ಪರಿಕರಗಳನ್ನೇ ಬಳಸ್ತಾರೆ. ನಮ್ಮ ಹುಡುಗನೂ ಈಗ ಚೊಂಬನ್ನ ಕೊನೇ ಐಟಂ ಮಾಡಿದ್ದಾನೆ, ಆಟ ಮುಗಿದಮೇಲೆ ಒಬ್ಬ ಹುಡುಗಿಯನ್ನ ಕರೆದು ಗಾಳಿತೂತಿನ ಮೇಲೆ ಅವಳದೇ ಬೆರಳು ಇಡಿಸ್ತಾನೆ. ಬಾಕಿ ಜಾದೂಗಾರರು ಇದನ್ನ ಒಪ್ಪಲ್ಲ, ಗುಟ್ಟು ಹೋಯ್ತು ಅಂತಾರೆ. ಆ ಒಂದು ಗುಟ್ಟು ಹೋಗಲಿ ಅಂತ ನನ್ನ ಅಭಿಪ್ರಾಯ. ಪೆಟ್ಟಿಗೆಯದ್ದನ್ನ ಅವನು ಶೋದಲ್ಲಿ ಹೇಳಲ್ಲ.

ಕೊನೇದಾಗಿ ನಿಮ್ಮ ಕೈಯಲ್ಲಿರೋ ಫೋನು. ಮಖಮಲ್ಲಿನ ಡಬ್ಬಿಗೆ ಈಗ ದೊಡ್ಡ ಅಪಾಯ ಅದೇ. ಕಣ್ಣಿಗೆ ಕಾಣದ ಮಬ್ಬನ್ನ ಫೋನಿನ ನೈಟ್ ಮೋಡ್ ಹಲವು ಚಿತ್ರ ಸೇರಿಸಿ ಎತ್ತಿ ತೋರಿಸತ್ತೆ, ಫ್ಲ್ಯಾಶ್ ಹಾಕಿದರಂತೂ ಕಪ್ಪು ಕೊಳವೆಯ ಅಂಚು ಬೆಳ್ಳಗೆ ಹೊಳೆಯತ್ತೆ. ಶೋದಲ್ಲಿ ನಿಮಗೆ ಕಾಣದೆ ಇದ್ದದ್ದು ರಾತ್ರಿ ಸ್ಟೇಟಸ್‌ನಲ್ಲಿ ಕಾಣತ್ತೆ. ಹಾಗಾಗಿ ಡಬ್ಬಿ ಕಟ್ಟಿದ ಮೇಲೆ, ಹುರಿ ಹಿಡಿದ ಆ ಮೂರು ಜಾಗದಲ್ಲೂ ಕೂತು ಫೋನಿನಲ್ಲಿ ಫೋಟೊ ತೆಗೀರಿ, ಫ್ಲ್ಯಾಶ್ ಹಾಕಿ ಒಂದು, ಹಾಕದೆ ಒಂದು. ಗಡಿ ಕಂಡರೆ ಮಖಮಲ್ಲು ಬದಲಾಯಿಸಿ ಅಥವಾ ಜಾಲರಿಯ ಮನೆಗಳನ್ನ ಇನ್ನೂ ಕಿರಿದು ಮಾಡಿ. ನಾವು ನಾಲ್ಕನೇ ಸಲಕ್ಕೆ, ಜಾಲರಿಯ ಸಂದಿ ಒಂದಿಂಚಿನಿಂದ ಅರ್ಧ ಇಂಚಿಗೆ ಇಳಿಸಿದಾಗ ಫ್ಲ್ಯಾಶ್ ಇಲ್ಲದ ಫೋಟೊದಲ್ಲಿ ಪಾಸಾದೆವು. ಫ್ಲ್ಯಾಶ್ ಹಾಕಿದ್ದರಲ್ಲಿ ಇನ್ನೂ ಆಗಿಲ್ಲ. ಸದ್ಯಕ್ಕೆ ಅವನು ಶೋ ಶುರುವಾಗೋ ಮುಂಚೆ ಮೈಕಿನಲ್ಲಿ ಕೈಮುಗಿದು ಕೇಳ್ಕೋತಾನೆ, "ಅಕ್ಕಂದಿರೇ, ಅಣ್ಣಂದಿರೇ, ವಿಡಿಯೊ ಮಾಡಿ, ಲೈಟ್ ಮಾತ್ರ ಹಾಕಬೇಡಿ."